ದೊಡ್ಡಕ್ಕನ ಮೇಲಿನ ಆರೋಪ

ಬೆಕ್ಕು ಸತ್ತಿತ್ತು. ಅದರ ಪಕ್ಕದಲ್ಲೇ, ಬಾಗಿಲು ತೆರೆದಿದ್ದ ಗಾಜಿನ ಪೆಟ್ಟಿಗೆಯೊಳಗೆ, ತೊಡೆ ಗಾತ್ರದ ಹೆಬ್ಬಾವು ಸುರುಳಿ ಸುತ್ತಿ ಮಲಗಿತ್ತು.

ಕೊಂದವರು ಯಾರು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಇನ್‌ಸ್ಪೆಕ್ಟರ್ ಪಾನ್‌ಗೆ ಕಿರಿಕಿರಿಯಾಗಿದ್ದು ಅದಕ್ಕೇ. ಹೀಗೆ ತಟ್ಟೆಗೆ ಬಡಿಸಿಟ್ಟ ಅಪರಾಧಿಯನ್ನು ಅವಳು ತನ್ನ ನೌಕರಿಯಲ್ಲೇ ಕಂಡಿರಲಿಲ್ಲ.

"ತಪ್ಪು ನಂದೇ ಮೇಡಂ," ಎಂದ ಮನೆಯಾತ ಯೆನ್-ಬೋ. ಅತ್ತೂ ಅತ್ತೂ ಅವನ ಮುಖ ಊದಿತ್ತು. "ನಿನ್ನೆ ಸಂಜೆ ದೊಡ್ಡಕ್ಕಂಗೆ ನೀರಿಟ್ಟು ಬಂದೆ. ಚಿಲಕ ಹಾಕೋದು ಮರ್ತಿರ್ಬೇಕು."

ದೊಡ್ಡಕ್ಕ ಎಂದರೆ ಹೆಬ್ಬಾವು. ಸತ್ತ ಬೆಕ್ಕು ಪೀದಾನ್ ಅವನ ಹೆಂಡತಿ ಹುಯಿ-ಚುನ್‌ಳದು. ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು, ಅಳುತ್ತಿರಲಿಲ್ಲ.

"ಮಧ್ಯಾಹ್ನ ಡಾಕ್ಟರ್ ಬರ್ತಾರೆ," ಎಂದಳು. "ದೊಡ್ಡಕ್ಕನ್ನ ಸಾಯಿಸೋ ಇಂಜೆಕ್ಷನ್ ಕೊಡ್ತಾರೆ. ಇವರು ಒಪ್ಪಿದಾರೆ."

ಯೆನ್-ಬೋ ತಲೆಯಾಡಿಸಿ ಮತ್ತೆ ಬಿಕ್ಕಿದ.

* * *

ಪೊಲೀಸರಿಗೆ ಫೋನ್ ಮಾಡಿದ್ದು ಮಾಲೀಕ, ಮುದುಕ ಖೋ. ಕೀಲುಂಗ್ ಬಂದರಿನ ಹಿಂದಿನ ಈ ಹಳೇ ಕಟ್ಟಡ ಪೂರಾ ಅವನದು. ಹಾವಿನವರನ್ನು ಖಾಲಿ ಮಾಡಿಸಲು ಅವನು ಹೇಳದ ನೆಪವಿರಲಿಲ್ಲ. ಜೊತೆಗೆ ಎಲ್ಲ ಮನೆಗಳ ಬೀಗದ ಕೈಯೂ ಅವನ ಹತ್ತಿರವಿತ್ತು.

ಪಾನ್ ನೆಟ್ಟಗೆ ಅವನ ಬಾಗಿಲು ತಟ್ಟಿದಳು.

"ನೀವೇ ಒಳಗೆ ಹೋಗಿ ಚಿಲಕ ತೆಗೆದ್ರಾ, ತಾತ?"

"ನಾನಾ? ಆ ಕೋಣೆಗಾ?" ಮುದುಕ ಸೋಯಾ ಹಾಲಿನ ಲೋಟ ಕೆಳಗಿಟ್ಟ. "ಅಮ್ಮಾ, ಆ ಮನೆ ಕರಿನಾಯಿ ನನ್ನ ಕಂಡ್ರೆ ಇಡೀ ಗಲ್ಲಿ ಎಬ್ಬಿಸುತ್ತೆ. ಬೆಳಿಗ್ಗೆ ಆ ಹುಡುಗಿ ಹುಯಿ-ಚುನ್ ಕಿರುಚಿದ್ಲು ಅಂತ ಓಡಿಹೋದೆ. ನಾಯಿ ಬಚ್ಚಲಮನೇಲಿತ್ತು, ಬದುಕ್ಕೊಂಡೆ."

"ಬಚ್ಚಲಮನೇಲಿ?"

"ಹೊರಗಿಂದ ಚಿಲಕ ಹಾಕಿತ್ತು. ಒಳಗೇ ಕೆರೀತಿತ್ತು ಪಾಪ."

ಪಾನ್ ಮತ್ತೆ ಮೆಟ್ಟಿಲು ಹತ್ತಿದಳು, ಈ ಸಲ ಸ್ವಲ್ಪ ಬೇಗ.

* * *

"ನಾಯಿನ ಬಚ್ಚಲಮನೆಗೆ ಯಾವಾಗ ಹಾಕ್ತೀರಿ?"

"ದೊಡ್ಡಕ್ಕನ ಬಾಗಿಲು ತೆಗೆಯೋ ಮುಂಚೆ," ಎಂದ ಯೆನ್-ಬೋ. "ಅದು ಈ ಮನೆ ಕಾನೂನು. ನಾಯಿ ಬಚ್ಚಲಮನೆಗೆ, ಬೆಕ್ಕು ಮಲಗೋ ಕೋಣೆಗೆ, ಆಮೇಲೆ ಕೈ ತೊಳ್ಕೋಬೇಕು. ಕೈಲಿ ಬೆಕ್ಕಿನ ವಾಸನೆ ಇದ್ರೆ ಊಟ ಅಂದ್ಕೊಂಡು ಹಿಡಿದುಬಿಡುತ್ತೆ."

"ನಿನ್ನೆ ನೀರಿಟ್ಟ ಮೇಲೆ ನಾಯಿನ ಬಿಟ್ರಾ?"

"ಬಿಟ್ಟೆ. ನಮ್ಜೊತೇಲೇ ಊಟ ಮಾಡ್ತು. ನಾನು ಸೋಫಾ ಮೇಲೆ ನಿದ್ದೆ ಹೋದಾಗ ಕಾಲ ಹತ್ರಾನೇ ಮಲಗಿತ್ತು."

"ಹಾವು ಹೇಗೆ ಹಿಡಿಯುತ್ತೆ?"

"ಮೊದಲು ಕಚ್ಚಿ ಹಿಡಿಯುತ್ತೆ. ಕೊಕ್ಕೆ ಥರ ಹಲ್ಲು, ಬಿಡೋದಿಲ್ಲ. ಆಮೇಲೆ ಸುತ್ತುತ್ತೆ."

ಪಾನ್ ಬೆಕ್ಕಿನ ತುಪ್ಪಳವನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ನೋಡಿದಳು. ಒಂದು ಹಲ್ಲಿನ ಗುರುತಿಲ್ಲ, ರಕ್ತದ ತೊಟ್ಟಿಲ್ಲ. ಮೂಗಿನ ಬಳಿ ಟವೆಲಿನ ಹಳದಿ ಎಳೆಯೊಂದು ಅಂಟಿತ್ತು. ಆಮೇಲೆ ಅವಳು ಹಾವಿನತ್ತ ಬಗ್ಗಿದಳು. ಅದರ ಕಣ್ಣು ನೀಲಿ ಹಾಲಿನಂತೆ ಮಬ್ಬಾಗಿತ್ತು.

"ಪೊರೆ ಬಿಡೋ ಹೊತ್ತು," ಎಂದ ಯೆನ್-ಬೋ. "ಈಗ ಸರಿಯಾಗಿ ಕಾಣಲ್ಲ, ಏನೂ ತಿನ್ನಲ್ಲ..." ಅವನು ಬೆಕ್ಕಿನತ್ತ ತಿರುಗಿ ನೋಡಿದ.

"ಹೂಂ," ಎಂದಳು ಪಾನ್. "ನೀವು ಚಿಲಕ ಮರ್ತಿದ್ರೆ ಅದು ಮರೆವು. ಮರೆವಿಗೆ ಮುಂಚೆ ಯಾರೂ ನಾಯಿನ ಜೋಪಾನ ಮಾಡಿ ಕೂಡಿಹಾಕಲ್ಲ. ಈ ಪೆಟ್ಟಿಗೆ ಬಾಗಿಲು ತೆಗೀತೀನಿ ಅಂತ ಗೊತ್ತಿದ್ದವರು ಅದನ್ನ ಕೂಡಿಹಾಕಿದ್ರು, ಬೇರೇದಕ್ಕಲ್ಲ. ಹೊರಗಿನವರನ್ನ ಅದು ಹತ್ತಿರ ಬಿಡಲ್ಲ. ನೀವು ನಿದ್ದೇಲಿದ್ರಿ. ಬೆಕ್ಕು ಬೇರೆ ಕಡೆ, ಟವೆಲಲ್ಲಿ ಉಸಿರು ಕಟ್ಟಿ ಸತ್ತಿದೆ. ಆಮೇಲೆ ಇಲ್ಲಿಗೆ ತಂದಿಟ್ಟಿದಾರೆ."

ಅವಳು ಹಾವಿನ ಕೋಣೆಯಿಂದ ಹೊರಬಂದು ಅಡುಗೆಮನೆಯ ಬಾಗಿಲಿನತ್ತ ತಿರುಗಿದಳು; ಯೆನ್-ಬೋ ಹಿಂದೆಯೇ ಬಂದ. "ನಾಯಿಗೇನಾದ್ರೂ ಆದ್ರೆ ಅಂತ ಹೆದರಿದ್ರಿ, ಅಲ್ವಾ?"

ಹುಯಿ-ಚುನ್ ಕೈ ಒರೆಸಿಕೊಂಡಳು.

"ಯೋಚನೇನೂ ಮಾಡ್ಲಿಲ್ಲ. ಕೈ ತಾನಾಗೇ ಹಾಕ್ತು ಆ ಚಿಲಕಾನ. ಮದುವೆ ಆದಾಗಿಂದ ಹಾಕ್ತಾನೇ ಇದೀನಲ್ಲ."

"ಬೆಕ್ಕು ನಿಮ್ಮದೇ ಅಲ್ವಾ?"

"ಮುದಿಯಾಗಿತ್ತು. ಕಿಡ್ನಿ ಹೋಗಿತ್ತು. ನನ್ನ ತೋಳಲ್ಲೇ... ಮಗು ಬೇಕು ಅಂದಾಗೆಲ್ಲ ಇವರದು ಒಂದೇ ಮಾತು. ದೊಡ್ಡಕ್ಕ ಇರೋ ಮನೇಲಿ ಕೂಸಿಗೆ ಕ್ಷೇಮ ಅಲ್ಲ, ಅವಳ ಕಾಲ ಮುಗೀಲಿ. ಹೆಬ್ಬಾವು ಮೂವತ್ತು ವರ್ಷ ಬದುಕುತ್ತೆ ಮೇಡಂ. ನನಗೆ ಈಗ್ಲೇ ನಲವತ್ತು. ಬೇರೆ ಯಾರಿಗಾದ್ರೂ ಕೊಡಿ ಅಂದೆ, ಕಾಲು ಹಿಡ್ಕೊಂಡೆ. ಕೊಲೆ ಮಾಡಿದ ಹಾವನ್ನಾದ್ರೂ ಬಿಟ್ಟುಕೊಡ್ತಾರೇನೋ ಅಂತ."

ಪಾನ್‌ಗೆ ತನ್ನ ಜಾಣತನದ ಮೇಲೆಯೇ ಹೇಸಿಗೆಯಾಯಿತು. ಬೆಕ್ಕನ್ನು ಕೊಂದದ್ದು ಅಪರಾಧ, ಅದರಲ್ಲಿ ಎರಡು ಮಾತಿಲ್ಲ. ಆದರೂ ಇನ್ನು ಸ್ವಲ್ಪ ಹೊತ್ತು ಸುಮ್ಮನಿದ್ದಿದ್ದರೆ ಡಾಕ್ಟರ್ ಬಂದು ಹೋಗಿಬಿಡುತ್ತಿದ್ದ ಎಂದು ಅವಳಿಗೆ ಅನ್ನಿಸದಿರಲಿಲ್ಲ.

ಅವಳು ಯೆನ್-ಬೋನ ಮುಖ ನೋಡಿದಳು. ಅವನು ಸಿಡಿಯುತ್ತಾನೆ, ಇಲ್ಲವೇ ಕುಸಿಯುತ್ತಾನೆ ಎಂದುಕೊಂಡಿದ್ದಳು.

"ಅಂದ್ರೆ..." ಎಂದ ಅವನು. ಊದಿದ ಮುಖ ಮೆಲ್ಲಗೆ ಅರಳತೊಡಗಿತು. "ಅಂದ್ರೆ ದೊಡ್ಡಕ್ಕ ಏನೂ ಮಾಡಿಲ್ಲ!"

ಅವನು ಫೋನಿಗೆ ಕೈ ಹಾಕಿದ. "ಡಾಕ್ಟ್ರೇ, ಬರ್ಬೇಡಿ, ಬರ್ಬೇಡಿ!" ಎನ್ನುತ್ತ ಹಾವಿನ ಕೋಣೆಗೆ ಹೋದ. ಒಳಗಿನಿಂದ ಅವನು ನಗುವುದೂ ಅಳುವುದೂ ಕೇಳಿಸಿತು.

ಹುಯಿ-ಚುನ್ ಬಾಗಿಲ ಬಳಿ ಕೂತು ಚಪ್ಪಲಿ ಹಾಕಿಕೊಂಡಳು. ಪಾನ್ ಕಾದಳು. ಹೆಂಡತಿಯನ್ನು ಎಲ್ಲಿಗೆ ಕರೆದೊಯ್ಯುತ್ತೀರಿ ಎಂದಾದರೂ ಅವನು ಬಂದು ಕೇಳಲಿ ಎಂದು ಬೇಕೆಂದೇ ಕಾದಳು.

"ನಡೀರಿ ಮೇಡಂ," ಎಂದಳು ಹುಯಿ-ಚುನ್. "ಅವರು ಕೇಳಲ್ಲ."