ನಿದ್ದೆಯ ಕಣಜಕ್ಕೆ ಮುನ್ನೂರು ಸೇರು ನೀಲಿ

ಇದು ಸುಳ್ಳು ಅನ್ನುವವನು ಯಾವನಾದರೂ ಇದ್ದರೆ ಎದ್ದು ಮುಂದೆ ಬರಲಿ. ಏಳು ತಿಂಗಳು ಕಣ್ಣು ಮುಚ್ಚದೆ ಇದ್ದು ತೋರಿಸಲಿ, ಆಮೇಲೆ ಮಾತಾಡೋಣ.

ಬಹಳ ಹಿಂದೆ, ಹೊಂಗಲ ಎಂಬ ಸೀಮೆಯಲ್ಲಿ, ಧೂಮಕೇಶ ಎಂಬ ಮಾಂತ್ರಿಕ ಜನರ ನಿದ್ದೆಯನ್ನೆಲ್ಲ ಕದ್ದು ಒಂದು ಭಾರೀ ಗುಂಡು ಕಣಜದಲ್ಲಿ ತುಂಬಿ ಮುಚ್ಚಿಟ್ಟ. ಏಳು ತಿಂಗಳಿಂದ ರಾಜ ಸಿಂಹಾಸನದ ಮೇಲೆ ಆಕಳಿಸಿಕೊಂಡೇ ನ್ಯಾಯ ಹೇಳುತ್ತಿದ್ದ. ತೊಟ್ಟಿಲ ಕೂಸು ಕೂಡ ಕೆಂಗಣ್ಣು ಬಿಟ್ಟು ಸೂರು ನೋಡುತ್ತಿತ್ತು.

ಆ ನಿದ್ದೆಯನ್ನು ಕಣಜದಿಂದ ಬಿಡಿಸಲು ಒಂದೇ ದಾರಿ. ಕಣಜಕ್ಕೆ ಎರಡು ಸಲ ನೀಲಿ ಬಳಿಯಬೇಕು. ಬಣ್ಣವನ್ನು ಮಾಂತ್ರಿಕನೇ ಕೊಡುತ್ತಾನೆ, ಆದರೆ ಎಷ್ಟು ಸೇರೆಂದು ಒಂದೇ ಸಲ ಕೇಳಬೇಕು. ಒಂದು ಸೇರು ಮಿಕ್ಕರೂ, ಅಂಗೈಯಗಲ ಜಾಗ ಉಳಿದರೂ, ಕೇಳಿದವನು ಚಿತ್ರವಾಗಿ ಆ ಗೋಡೆಗೇ ಅಂಟಿಕೊಳ್ಳುತ್ತಾನೆ. ಮುತ್ತಯ್ಯನೆಂಬ ಬಣ್ಣದವನು ಇನ್ನೂರು ಸೇರು ಕೇಳಿ ಸೋತು, ಹಾಗೇ ಅಂಟಿಕೊಂಡಿದ್ದ. ಅವನು ಬಳಿದದ್ದನ್ನೆಲ್ಲ ಕಣಜ ಹಾವಿನ ಪೊರೆಯಂತೆ ಕಳಚಿಹಾಕಿತ್ತು.

ಅವನ ತಮ್ಮ ಜವರ ಹೆಗಲಿಗೆ ಕುಂಚ, ಕಂಕುಳಿಗೆ ಚಾಪೆ ಸಿಕ್ಕಿಸಿಕೊಂಡು ಬಂದ.

"ಲೇ ಜವರ, ಮನೆಗೆ ಹೋಗೋ. ಅವ್ವನಿಗೆ ಒಬ್ಬನಾದರೂ ಉಳೀಲಿ," ಎಂದಿತು ಗೋಡೆಯ ಚಿತ್ರ.

"ಏಳು ಸೀಮೇಲಿ ನನ್ನಂಥ ಕೈ ಇಲ್ಲಣ್ಣ. ನೀನು ಅಲ್ಲಾಡದೆ ಇರು, ಅಳತೆ ತಪ್ಪುತ್ತೆ."

ಮೊದಲು ಗೋಡೆ. ಗುಂಡಗಿದ್ದದ್ದನ್ನು ಅಳೆಯುವುದು ಹೇಗೆ? ಜವರ ಚಾಪೆ ಸುತ್ತಿ ನಿಲ್ಲಿಸಿದ, ಕಣಜದಂತೆಯೇ ಕಂಡಿತು. ಬಿಚ್ಚಿ ಹಾಸಿದ, ಉದ್ದ, ಅಗಲ, ಮುಗಿಯಿತು. ಹಗ್ಗ ಹಿಡಿದು ಸುತ್ತು ಬಂದ: ಎಂಬತ್ತೆಂಟು ಮೊಳ. ಎತ್ತರ ಹದಿನೆಂಟು. ಮೊಳ ಚೌಕದ ಲೆಕ್ಕದಲ್ಲಿ ಸಾವಿರದ ಐನೂರ ಎಂಬತ್ತನಾಲ್ಕು ಚೌಕ.

ಆಮೇಲೆ ಮುಚ್ಚಳ. ಮುಚ್ಚಳದಂತೆ ಗುಂಡಗಿದ್ದ ಬುತ್ತಿಯ ರೊಟ್ಟಿಯನ್ನು ನಡುವಿನಿಂದ ಅಂಚಿಗೆ ಸಣ್ಣ ಸಣ್ಣ ಸೀಳು ಮಾಡಿ, ಒಂದರ ಮೂತಿ ಮೇಲೆ ಒಂದರ ಮೂತಿ ಕೆಳಗೆ ಜೋಡಿಸಿದ. ಅದೂ ಚಾಪೆಯಂತೆಯೇ ಆಯಿತು! ಉದ್ದ ಸುತ್ತಳತೆಯ ಅರ್ಧ, ನಲವತ್ತನಾಲ್ಕು. ಅಗಲ ನಡುವಿನಿಂದ ಅಂಚಿಗೆ, ಹದಿನಾಲ್ಕು. ಆರುನೂರ ಹದಿನಾರು ಚೌಕ. ತಳ ಮಣ್ಣಿನೊಳಗಿತ್ತು. ಒಟ್ಟು ಎರಡು ಸಾವಿರದ ಇನ್ನೂರು.

"ಅಷ್ಟು ನಾನೂ ಹಾಕಿದ್ದೆ ಕಣೋ," ಎಂದ ಅಣ್ಣ. "ಸೇರಿಗೆ ಇಪ್ಪತ್ತೆರಡು ಚೌಕ. ಸಲಕ್ಕೆ ನೂರು ಸೇರು."

"ಗೋಡೆ ಎಷ್ಟು ಕುಡಿಯುತ್ತೆ ಅಂತ ಅದನ್ನೇ ಕೇಳಿದ್ಯಾ?"

ಅದು ಮೂರನೆಯ ಅಳತೆ. ಜವರ ಮನೆಯಿಂದ ತಂದಿದ್ದ ಬಣ್ಣವನ್ನು ಗೋಡೆಯ ಒಂದು ಬದಿಗೆ ಬಳಿದ. ಕಣಜ ಗಟಗಟ ಕುಡಿಯಿತು. ಸೇರಿಗೆ ಹನ್ನೊಂದೇ ಚೌಕ. ಒಣಗಿದ ಮೇಲೆ ಮತ್ತೆ ಬಳಿದ; ಹೊಟ್ಟೆ ತುಂಬಿತ್ತು, ಇಪ್ಪತ್ತೆರಡು ಬಂತು. ಆ ಬಣ್ಣವೂ ಉದುರಿಹೋಯಿತು.

"ಮೊದಲ ಸಲಕ್ಕೆ ಇನ್ನೂರು, ಎರಡನೇ ಸಲಕ್ಕೆ ನೂರು. ಮುನ್ನೂರು ಸೇರು, ತಾರಯ್ಯ!" ಎಂದು ಕೂಗಿದ. ಧೂಮಕೇಶನ ಮುಖ ಸಣ್ಣದಾಯಿತು.

ಜವರ ಒಂಬತ್ತು ದಿನ ಬಳಿದ. ಮೂರನೆಯ ದಿನಕ್ಕೆ ಜಂಬ ಹೋಯಿತು, ಆರನೆಯ ದಿನಕ್ಕೆ ತೋಳು ಸತ್ತಿತು. ಆಮೇಲೆ ಮೇಲೆ, ಕೆಳಗೆ, ಮೇಲೆ, ಕೆಳಗೆ, ಅಷ್ಟೇ. ಎರಡನೆಯ ಸುತ್ತಿನಲ್ಲಿ ಅಣ್ಣನ ಮುಖವನ್ನು ಮಾತ್ರ ಕೊನೆಗೆಂದು ಬಿಟ್ಟಿದ್ದ. ಬಳಿಯಲು ಮನಸ್ಸು ಬಂದಿರಲಿಲ್ಲ. ಈಗ ಅಲ್ಲಿಗೆ ಬಂದರೆ ಪಾತ್ರೆ ಖಾಲಿ.

ಮಾಂತ್ರಿಕ ನಕ್ಕ. ಜವರನ ಪಾದ ಚಪ್ಪಟೆಯಾಗತೊಡಗಿತು.

"ಗೋಡೆ ಕುಡೀತು ಅಂದ್ಯಲ್ಲ," ಎಂದ ಅಣ್ಣ ಮೆಲ್ಲಗೆ. "ಕುಂಚ ಕುಡಿಯಲಿಲ್ವೇನೋ?"

ಜವರ ಎರಡೂ ಕೈಯಲ್ಲಿ ಕುಂಚವನ್ನು ಒದ್ದೆ ಪಂಚೆಯಂತೆ ಹಿಂಡಿದ. ಅಂಗೈ ತುಂಬ ನೀಲಿ ಬಂತು. ಕಣ್ಣು ಮುಚ್ಚಿಕೊಂಡು ಅಣ್ಣನ ಮುಖದ ಮೇಲೆ ಸವರಿದ.

ಕಣಜ ಬಾಯಿ ಬಿಟ್ಟಿತು. ನಿದ್ದೆ ತಂಗಾಳಿಯಂತೆ ಹೊರಬಿತ್ತು. ಮೊದಲು ಧೂಮಕೇಶನೇ ಉರುಳಿದ, ಇವತ್ತಿಗೂ ಎದ್ದಿಲ್ಲ. ಮುತ್ತಯ್ಯ ಗೋಡೆಯಿಂದ ಇಳಿದ. ಅರ್ಧ ರಾಜ್ಯ ಕೊಡುತ್ತೇನೆಂದು ಹೇಳಹೊರಟ ರಾಜ ಮಾತು ಮುಗಿಸುವ ಮೊದಲೇ ಗೊರಕೆ ಹೊಡೆದ. ಅಲ್ಲಿಂದ ಮುಂದೆ ಆ ಸೀಮೆಯವರೆಲ್ಲ ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ಮಲಗಿ ಬಾಳಿದರು.

ಅವತ್ತು ಅರ್ಧ ರಾಜ್ಯದ ಬದಲು ಜವರನಿಗೆ ಸಿಕ್ಕಿದ್ದು, ಮಲಗಲೆಂದು ಅಣ್ಣ ಬಿಚ್ಚಿ ಹಾಸಿಕೊಟ್ಟ ಅದೇ ಚಾಪೆ.