ಏನೂ ಉದುರದ ಪುಸ್ತಕ

"ಪುಸ್ತಕ ಎಲ್ಲಿ?"

ಡಬ್ಬಿಯನ್ನು ಬೋರಲು ಹಾಕಿ ನೋಡಿದ ಅಕ್ಷತಾ ಕೇಳಿದಳು. ಕ್ಯಾಮೆರಾ ಇತ್ತು, ಬ್ಯಾಟರಿ ಇತ್ತು, ಕುತ್ತಿಗೆಗೆ ಹಾಕಿಕೊಳ್ಳುವ ಪಟ್ಟಿ ಇತ್ತು. ಅದನ್ನು ಬಳಸುವುದು ಹೇಗೆ ಎಂದು ಹೇಳುವ ಪುಸ್ತಕ ಮಾತ್ರ ಇರಲಿಲ್ಲ!

ಕೌಂಟರಿನ ಆಚೆ ನಿಂತಿದ್ದ ಹುಡುಗ ಡಬ್ಬಿಯ ತಳದಿಂದ ಒಂದು ಚಿಕ್ಕ ಚೀಟಿ ತೆಗೆದು ತೋರಿಸಿದ. ಅದರ ಮೇಲೆ ಕಪ್ಪು ಚುಕ್ಕಿಗಳ ಒಂದು ಚೌಕ.

"ಈಗ ಬುಕ್ ಬರಲ್ಲ ಮೇಡಂ. ಇದನ್ನ ಫೋನಲ್ಲಿ ಸ್ಕ್ಯಾನ್ ಮಾಡಿ, ಎಲ್ಲಾ ಓಪನ್ ಆಗುತ್ತೆ."

"ನನ್ನ ಹತ್ರ ಫೋನಿಲ್ಲ."

"ಪರವಾಗಿಲ್ಲ, ಮನೇಲಿ ಯಾರದಾದ್ರೂ..."

"ಮನೇಲೂ ಇಲ್ಲ!"

ಅವನು ನಕ್ಕುಬಿಟ್ಟ. "ಏನ್ ಮೇಡಂ ತಮಾಷೆ! ಅಂಗಡೀಲಿರೋ ದುಬಾರಿ ಕ್ಯಾಮೆರಾನೇ ತಗೊಂಡಿದೀರ, ಮನೇಲಿ ಒಂದು ಸ್ಮಾರ್ಟ್‌ಫೋನ್ ಇಲ್ವಾ?"

ಅಕ್ಷತಾಳ ಕಣ್ಣು ತುಂಬಿ ಬಂತು. ಪಕ್ಕದಲ್ಲಿದ್ದ ಅಪ್ಪ ಗಂಗಾಧರಪ್ಪ ಮುಖ ಗಂಟಿಕ್ಕಿಕೊಂಡರು.

"ಇಲ್ಲ ಕಣಪ್ಪ. ಇರೋದೂ ಇಲ್ಲ," ಎಂದರು.

ನಕ್ಕವನ ಹೆಸರು ರಘು. ಹಗರೆ ಹಳ್ಳಿಯ ರೈತರ ಮನೆಯ ಹುಡುಗ, ಅರಸೀಕೆರೆಯ ಈ ಅಂಗಡಿಗೆ ಹೊಸಬ. ಊರಿನವನೇ ಆಗಿದ್ದರೆ ಖಂಡಿತ ನಗುತ್ತಿರಲಿಲ್ಲ. ಊರಿಗೆಲ್ಲ ಗೊತ್ತಿತ್ತು... ಕೊಬ್ಬರಿ ಮಂಡಿ ಗಂಗಾಧರಪ್ಪನವರ ದೊಡ್ಡ ಮಗಳು ಸ್ವಾತಿ ಫೋನಿನಲ್ಲೇ ಪ್ರೀತಿಸಿ, ಫೋನಿನಲ್ಲೇ ಎಲ್ಲ ಗೊತ್ತುಮಾಡಿಕೊಂಡು, ಒಂದು ಬೆಳಗ್ಗೆ ಹೇಳದೆ ಕೇಳದೆ ಹೊರಟುಹೋಗಿದ್ದಳು.

ಅವತ್ತಿನಿಂದ ಆ ಮನೆಯಲ್ಲಿ ಅಂಥ ಫೋನಿಗೆ ಜಾಗವಿಲ್ಲ. ಅಪ್ಪನ ಬಳಿ ಗುಂಡಿ ಒತ್ತುವ ಹಳೇ ಫೋನೊಂದಿತ್ತು, ಅದೂ ಸದಾ ಅಂಗಿಯ ಜೇಬಿನಲ್ಲಿ. ಬೀದಿಬಾಗಿಲು ದಾಟಬೇಕಾದರೆ ಅಮ್ಮ ಮಹದೇವಮ್ಮ ಜೊತೆಗಿರಬೇಕು. ಬಿ.ಕಾಂ. ಮುಗಿಸಿದ ಅಕ್ಷತಾ, ಅಕ್ಕ ಮಾಡಿದ್ದಕ್ಕೆ ತಾನು ಮನೆಯಲ್ಲಿ ಕೂತಿದ್ದಳು.

ಅಪ್ಪ ಕೆಟ್ಟವರಲ್ಲ... ಕಷ್ಟ ಇದ್ದದ್ದೇ ಅಲ್ಲಿ! ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು.

"ಫೋನೊಂದು ಬಿಟ್ಟು ಏನು ಬೇಕಾದ್ರೂ ಕೇಳವ್ವ," ಎಂದಿದ್ದರು. ಕೊಡಿಸಲಾರರು ಎಂದುಕೊಂಡೇ ಅವಳು ಕ್ಯಾಮೆರಾ ಕೇಳಿದ್ದಳು. ಅವರೋ ಇದ್ದುದರಲ್ಲಿ ದೊಡ್ಡದನ್ನೇ ಕೊಡಿಸಿದರು. ಈಗ ನೋಡಿದರೆ ಅದನ್ನು ಕಲಿಯುವ ದಾರಿಯೂ ಫೋನಿನೊಳಗೇ ಇದೆ!

ರಘುವಿನ ನಗು ನಿಂತುಹೋಗಿತ್ತು. ವಿಷಯ ತಿಳಿಯದಿದ್ದರೂ, ನಗಬಾರದ ಕಡೆ ನಕ್ಕೆ ಎಂಬುದು ತಿಳಿಯಿತು.

"ಸಾರ್, ನಾನೇ ಪ್ರಿಂಟ್ ಹಾಕಿ ಕೊಡ್ತೀನಿ. ದೊಡ್ಡ ಬುಕ್ಕು, ಒಂದೇ ಸಲಕ್ಕೆ ಆಗಲ್ಲ. ಸ್ವಲ್ಪ ಸ್ವಲ್ಪ ಬೈಂಡ್ ಮಾಡಿಟ್ಟಿರ್ತೀನಿ."

"ಮಂಡಿಯಿಂದ ಬರ್ತಾ ನಾನೇ ಇಸ್ಕೊಂಡು ಹೋಗ್ತೀನಿ," ಎಂದರು ಗಂಗಾಧರಪ್ಪ. "ಅವಳು ಬರೋದು ಬ್ಯಾಡ."

*

ಮೊದಲ ಭಾಗ ಬಂತು. ಅಕ್ಷತಾ ಕಿಟಕಿಯ ಪಕ್ಕ ಕೂತು ಓದಿದಳು. ಎಷ್ಟು ಹೊತ್ತು ಓದಿದರೂ ಯಾರೂ ಏನೂ ಅನ್ನಲಿಲ್ಲ! ಇದನ್ನೇ ಫೋನಿನಲ್ಲಿ ಓದಿದ್ದರೆ ಅಡುಗೆಮನೆಯಿಂದ ಅಮ್ಮ 'ಯಾರ ಹತ್ರಾನೇ ಮಾತು?' ಎನ್ನುತ್ತಿದ್ದರು. ಪುಸ್ತಕ ಹಿಡಿದು ಕೂತ ಹುಡುಗಿಯ ಮೇಲೆ ಯಾರಿಗೆ ಅನುಮಾನ?

ಅಪ್ಪನಿಗಿತ್ತು. "ಏನಂತ ಬರ್ದೈತೆ ಇಂಗ್ಲಿಷ್ನಲ್ಲಿ?" ಎಂದು ಮತ್ತೆ ಮತ್ತೆ ಕೇಳಿದರು.

ಎರಡನೆಯ ಭಾಗ ಕನ್ನಡದಲ್ಲಿ ಬಂತು.

ಅಕ್ಷತಾಳ ಮೈಯೆಲ್ಲ ಉರಿಯಿತು. 'ನಂಗೆ ಇಂಗ್ಲಿಷ್ ಬರಲ್ಲ ಅಂದ್ಕೊಂಡ್ನಾ? ಫೋನಿಲ್ಲ ಅಂದ್ರೆ ಓದೂ ಇಲ್ಲ ಅಂತಾನಾ? ಎಷ್ಟು ಕೊಬ್ಬು!'

ಆದರೆ ಓದುತ್ತ ಓದುತ್ತ ಆ ಸಿಟ್ಟು ಎಲ್ಲಿ ಹೋಯಿತೋ... ಕಂಪನಿಯವರ ಒಣ ಮಾತನ್ನು ಅವನು ಮನುಷ್ಯರ ಮಾತಾಗಿಸಿದ್ದ.

'ಬೆಳಕು ಕಮ್ಮಿ ಇದ್ದಾಗ ಅವಸರ ಬೇಡ. ಮೊಣಕೈಯನ್ನು ಎದೆಗೆ ಒತ್ತಿಕೊಳ್ಳಿ. ಅರ್ಧ ಉಸಿರು ಬಿಟ್ಟು ಮೆಲ್ಲಗೆ ಗುಂಡಿ ಒತ್ತಿ. ಕೈ ನಡುಗಿದರೆ ಪರವಾಗಿಲ್ಲ, ಮತ್ತೊಮ್ಮೆ ತೆಗೆಯಬಹುದು.'

ಕೈ ನಡುಗಿದರೆ ಪರವಾಗಿಲ್ಲ! ಈ ಮನೆಯಲ್ಲಿ ಅವಳಿಗೆ ಇಂಥ ಮಾತು ಹೇಳಿದವರು ಯಾರು? ಅಕ್ಷತಾ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು.

ಅಪ್ಪನೂ ಕನ್ನಡಕ ಹಾಕಿಕೊಂಡು ಪಕ್ಕದಲ್ಲೇ ಓದಲು ಕೂತರು. ಕ್ರಮೇಣ ರುಚಿ ಹತ್ತಿತು. "ಕೇಳಿದ್ಯೇನೇ, ಬಿಸಿಲಿಗೆ ಬೆನ್ನು ಕೊಟ್ಟು ನಿಲ್ಲಿಸಿದ್ರೆ ಮುಖ ಕಪ್ಪಾಗುತ್ತಂತೆ!" ಎಂದು ಮಹದೇವಮ್ಮನಿಗೆ ಪಾಠ ಹೇಳುವಷ್ಟು ಮುಂದುವರಿದರು.

ಭಾಗದ ಮೇಲೆ ಭಾಗ ಬಂತು. ಪ್ರತಿ ಸಲವೂ ಅಕ್ಷತಾ ಮೊದಲು ಹಾಳೆಗಳನ್ನು ಸರಸರ ತಿರುವಿ, ಪುಸ್ತಕವನ್ನು ಬೋರಲು ಹಿಡಿದು ಒದರುತ್ತಿದ್ದಳು. ಒಂದು ಚೀಟಿ... ಮೂಲೆಯಲ್ಲಿ ಪೆನ್ನಿನ ಒಂದು ಗೆರೆ... ಏನಾದರೂ!

ಏನೂ ಇರುತ್ತಿರಲಿಲ್ಲ.

'ಅವನಿಗೇನು, ಗಿರಾಕಿಗೆ ಪ್ರಿಂಟ್ ಹಾಕ್ಕೊಡ್ತಾನೆ ಅಷ್ಟೇ. ನಾನೇ ಹುಚ್ಚಿ!'

ತೆಗೆದ ಚಿತ್ರಗಳನ್ನು ಪ್ರಿಂಟ್ ಹಾಕಿಸಲು ಒಮ್ಮೆ ಅಮ್ಮನ ಜೊತೆ ಅಂಗಡಿಗೆ ಹೋಗುವ ಅವಕಾಶ ಸಿಕ್ಕಿತು. ರಘು ಒಂದೊಂದೇ ಚಿತ್ರವನ್ನು ನಿಧಾನವಾಗಿ ನೋಡಿದ. ಕೊಬ್ಬರಿ ಮೂಟೆ ಇಳಿಸುವವರು, ಬೀದಿಯಲ್ಲಿ ಹೂವು ಮಾರುವ ಅಜ್ಜಿ, ಮಾಲೇಕಲ್ಲು ಬೆಟ್ಟಕ್ಕೆ ಹೊರಟ ಭಕ್ತರ ಗುಂಪು...

"ಚೆನ್ನಾಗಿವೆ. ತುಂಬಾ ಚೆನ್ನಾಗಿವೆ. ಆದ್ರೆ ಎಲ್ಲದರಲ್ಲೂ ಕಿಟಕಿ ಸರಳು ಬಂದಿದೆಯಲ್ಲ?"

ಅವಳಿಗೆ ರೇಗಿತು. "ಕಿಟಕಿಯಿಂದ ಆಚೆ ಹೋಗೋದು ಹೇಗೆ ಅಂತ ನಿಮ್ಮ ಪುಸ್ತಕದಲ್ಲಿ ಬರ್ದಿಲ್ವಲ್ಲ!"

ಅವನು ತಲೆಯೆತ್ತಿ ನೋಡಿದ. ಆ ನೋಟ ಅವಳ ಜೊತೆ ಮನೆಯವರೆಗೂ ಬಂತು.

ಆಮೇಲೆ ತಿಪಟೂರಿನ ಸಂಬಂಧ ಬಂತು. ಗಂಗಾಧರಪ್ಪ ಹಿಗ್ಗಿನಲ್ಲಿ ಊರಿಗೆಲ್ಲ ಹೇಳಿಕೊಂಡು ಬಂದರು, ರಘುವಿಗೂ ಹೇಳಿದರು. ಅಂದಿನಿಂದ ಪುಸ್ತಕದ ಕೊನೆಯ ಭಾಗ ಬರಲೇ ಇಲ್ಲ.

"ಮಿಷನ್ ಕೆಟ್ಟೈತಂತೆ," ಎಂದರು ಅಪ್ಪ.

'ಸುಳ್ಳು! ಮದುವೆ ಗೊತ್ತಾಗ್ತಿದೆ ಅಂತ ಕೈ ತೊಳ್ಕೊಂಡ.'

ಅಕ್ಷತಾ ಯಾರಿಗೂ ಏನೂ ಹೇಳಲಿಲ್ಲ. ಅಕ್ಕನ ಹಾಗೆ ಓಡಿಹೋಗುವುದು ಅವಳಿಂದ ಆಗದು. ಅಪ್ಪನ ಎದುರು ನಿಂತು 'ಬೇಡ' ಎನ್ನಲೂ ಆಗದು. ಸ್ವಾತಿ ಹೋದ ದಿನ ಅಪ್ಪ ಅಡುಗೆಮನೆಯ ನೆಲದ ಮೇಲೆ ಕೂತು ಮಗುವಿನ ಹಾಗೆ ಅತ್ತಿದ್ದರು. ಬೀದಿಬಾಗಿಲಿಗೆ ಹಾಕಿದ ಬೀಗಕ್ಕಿಂತ ಆ ಅಳುವೇ ಅವಳನ್ನು ಗಟ್ಟಿಯಾಗಿ ಕಟ್ಟಿಹಾಕಿತ್ತು.

*

"ಗಂಡಿನ ಕಡೆಯೋರಿಗೆ ಒಂದು ಒಳ್ಳೆ ಫೋಟೋ ಬೇಕಂತೆ. ಹಳೇಬೀಡಲ್ಲಿ ತೆಗ್ಯಾನ ನಡೀರಿ. ನಾನೇ ತೆಗೀತೀನಿ, ಪುಸ್ತಕ ಓದಿಲ್ವಾ!"

ಹೀಗೆ ಹೇಳಿ ಗಂಗಾಧರಪ್ಪ ಹೆಂಡತಿ ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟರು. ಪುಸ್ತಕದ ಅಷ್ಟೂ ಭಾಗಗಳು ಚೀಲದಲ್ಲಿ ಜೊತೆಗೇ ಬಂದವು.

ದೇವಸ್ಥಾನದ ಗೋಡೆಯ ಮುಂದೆ ರೇಷ್ಮೆ ಸೀರೆ ಉಟ್ಟು ನಿಂತಳು ಅಕ್ಷತಾ. ಅವಳ ಹಿಂದಿದ್ದ ಕಲ್ಲಿನ ಹೆಂಗಸರೆಲ್ಲ ಕುಣಿಯುತ್ತಿದ್ದರು, ಅವಳಿಗೆ ಮಾತ್ರ ಕಾಲು ಕದಲುತ್ತಿರಲಿಲ್ಲ.

"ನಗವ್ವ."

ನಕ್ಕಳು. ಕ್ಯಾಮೆರಾದ ಹಿಂದಿದ್ದ ಅಪ್ಪ ಯಾಕೋ ಗುಂಡಿ ಒತ್ತದೆ ಅವಳ ಮುಖವನ್ನೇ ನೋಡುತ್ತ ನಿಂತರು. ಆಮೇಲೆ ಒತ್ತಿದರು. ಚಿತ್ರ ಕಪ್ಪಗೆ ಬಂತು. ಬೆಳಕು ಹೆಚ್ಚಿಸುವ ಚಕ್ರ ತಿರುಗಿಸಿದರೆ ಏನೂ ಬದಲಾಗಲಿಲ್ಲ. ಪರದೆಯ ಮೇಲೆ ಚಿಕ್ಕದೊಂದು ಬೀಗದ ಗುರುತು ಕಂಡಿತು. ಜಗಲಿಯ ಮೇಲೆ ಅಷ್ಟೂ ಭಾಗಗಳನ್ನು ಹರಡಿಕೊಂಡು ಹುಡುಕಿದರು. ಎಲ್ಲೂ ಸಿಗಲಿಲ್ಲ.

"ಆ ಕೊನೇ ಭಾಗ್ದಾಗೇ ಇರ್ಬೇಕು ಇದು," ಎನ್ನುತ್ತ ಜೇಬಿನಿಂದ ಫೋನು ತೆಗೆದರು. "ಏನ್ಲಾ ರಘು, ಕ್ಯಾಮೆರಾ ಹಟ ಹಿಡ್ದೈತೆ... ಎಲ್ಲಿ? ಯಾವ ಕಡೆ?... ನಂಗೆ ತಿಳೀತಿಲ್ಲ, ತಡಿ."

ಅವರು ಫೋನನ್ನು ಮಗಳ ಕಡೆ ಚಾಚಿದರು. "ನೀನೇ ಕೇಳವ್ವ."

ಫೋನು... ಅವಳ ಕೈಗೆ!

"ಸಾರ್, ಬಲಗಡೆ ಹೆಬ್ಬೆರಳ ಹತ್ರ ಒಂದು ಚಿಕ್ಕ ಕೀಲಿ..."

"ನಾನು ಅಕ್ಷತಾ."



ಒಂದು ಪ್ರಶ್ನೆ ಕೇಳಿ ಫೋನು ಹಿಂದಿರುಗಿಸಿದ್ದರೆ ಮುಗಿಯುತ್ತಿತ್ತು. ಫೋಟೋ ಬರುತ್ತಿತ್ತು, ತಿಪಟೂರಿಗೆ ಹೋಗುತ್ತಿತ್ತು. ಅಕ್ಷತಾ ಅಪ್ಪನ ಮುಖ ನೋಡಿದಳು. ಕೈ ನಡುಗಿತು. ನಡುಗಿದರೆ ಪರವಾಗಿಲ್ಲ...

"ಅಪ್ಪ ಎದುರಿಗೇ ಇದಾರೆ. ಅವರ ಮುಂದೇನೇ ಕೇಳ್ತಿದೀನಿ. ಕೊನೇ ಭಾಗ ಯಾಕೆ ಕಳಿಸ್ಲಿಲ್ಲ?"

ಮಹದೇವಮ್ಮ "ಅಕ್ಷತಾ!" ಎಂದರು. ಗಂಗಾಧರಪ್ಪ ಕೈಯೆತ್ತಿ ಹೆಂಡತಿಯನ್ನು ತಡೆದರು.

"ಪ್ರಿಂಟ್ ಹಾಕಿ ಯಾವತ್ತೋ ಆಯ್ತು," ರಘುವಿನ ದನಿ ತಗ್ಗಿತ್ತು. "ಕೊಟ್ಟುಬಿಟ್ರೆ ನಿಮ್ಮ ಮನೆಗೆ ಕಳಿಸೋಕೆ ನನ್ನ ಹತ್ರ ಇನ್ನೇನೂ ಇರಲ್ವಲ್ಲ ಅಂತ... ಇಟ್ಕೊಂಡ್ಬಿಟ್ಟೆ. ತಪ್ಪಾಯ್ತು."

"ಮತ್ತೆ ಕನ್ನಡಕ್ಕೆ ಯಾಕೆ ಮಾಡಿದ್ರಿ? ನಂಗೆ ಇಂಗ್ಲಿಷ್ ಬರುತ್ತೆ!"

"ಗೊತ್ತು. ನಿಮ್ಮಪ್ಪನೂ ಓದ್ಲಿ ಅಂತ ಮಾಡ್ದೆ. ಅವರಿಗೆ ಓದೋಕಾದ್ರೆ ನಿಮ್ಮ ಕೈಯಿಂದ ಯಾರೂ ಕಿತ್ಕೊಳಲ್ಲ ಅಂತ."

ಇಷ್ಟು ದಿನ ಸಿಟ್ಟಾಗಿದ್ದು ಯಾವುದಕ್ಕೆ!

"ಒಂದೇ ಒಂದು ಸಾಲು ಬರೀಬಹುದಿತ್ತಲ್ಲ ರಘು..."

"ಅವರೇ ಕೈಯಾರೆ ತಗೊಂಡು ಹೋಗ್ತಿದ್ರು ರೀ. ನಂಬಿದೋರ ಕೈಲಿ ಕಳ್ಳತನ ಮಾಡ್ಸೋದಾ? ಆಸೆ ಇರ್ಲಿಲ್ಲ ಅಂತಲ್ಲ. ನೀವಂದ್ರೆ ನಂಗೆ..." ಅವನು ನಿಲ್ಲಿಸಿದ. "ಇದನ್ನ ಮೊದ್ಲು ಅವರಿಗೇ ಹೇಳ್ಬೇಕಿತ್ತು. ಧೈರ್ಯ ಬರ್ಲಿಲ್ಲ."

ಅವಳು ಕೆನ್ನೆಯ ಮೇಲೆ ಇಳಿದ ಕಣ್ಣೀರು ಒರೆಸಿಕೊಳ್ಳಲಿಲ್ಲ. ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ತಿಪಟೂರಿಗೆ ಫೋಟೋ ಬೇಡ. ನಂಗೆ ಇವರು ಇಷ್ಟ, ಇವರಿಗೂ ನಾನಿಷ್ಟ. ನೀವು ಬೇಡ ಅಂದ್ರೆ ನಾನು ಎಲ್ಲೂ ಓಡಿಹೋಗಲ್ಲ. ಮನೇಲೇ ಇರ್ತೀನಿ. ಆದ್ರೆ ಸುಮ್ನೆ ನಗು ಅಂದ್ರೆ ನಂಗೆ ಆಗಲ್ಲ."

ಗಂಗಾಧರಪ್ಪ ಜಗಲಿಯ ಮೇಲೆ ಕೂತರು. ಹರಡಿದ್ದ ಭಾಗಗಳಲ್ಲಿ ಒಂದನ್ನು ಕೈಗೆತ್ತಿಕೊಂಡು ಬೋರಲು ಹಿಡಿದು ಒದರಿದರು.

"ನೀನು ಹಿಂಗೆ ಒದರೋದು ನಾನು ನೋಡಿಲ್ಲ ಅಂದ್ಕೊಂಡಿದ್ಯಾ? ಕಾಯಿ ಅಲ್ಲಾಡಿಸಿ ಒಳಗಿನ ಕೊಬ್ಬರಿ ಹೆಂಗೈತೆ ಅಂತ ಹೇಳೋನು ಕಣವ್ವ ನಾನು. ನಿನಗೆ ಕೊಡೋಕೆ ಮುಂಚೆ ಪ್ರತಿ ಸಲ ನಾನೂ ಒದರ್ತಿದ್ದೆ, ಮಂಡಿ ಬಾಗ್ಲಾಗೆ ನಿಂತ್ಕಂಡು. ಒಂದು ಚೀಟಿ ಉದುರಿದ್ರೆ ಅವನ ಕೈಕಾಲು ಮುರೀಬೇಕು ಅಂತಿದ್ದೆ."

ಅವರ ದನಿ ಒಡೆಯಿತು.

"ಏನೂ ಉದುರಲಿಲ್ಲ."

ಮಹದೇವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ನಿಮ್ಮಕ್ಕ ನನ್ನ ಒಂದು ಮಾತು ಕೇಳ್ಲಿಲ್ಲ. ನೀನು ಎದುರಿಗೆ ನಿಂತು ಹೇಳ್ದೆ," ಎಂದು ಅಪ್ಪ ಎದ್ದರು. "ಅವನು ಫೋನಾಗೆ ಇದಾನೇನು ಇನ್ನೂ?"

"ಇದಾರೆ."

"ಕೊನೇ ಭಾಗ ನಾನು ಹೊರಾಕಿಲ್ಲ. ಅವರಪ್ಪ ಅಮ್ಮನ್ನ ಕರ್ಕೊಂಡು ಮನೆಗೇ ತಂದ್ಕೊಡೋಕೆ ಹೇಳು. ನೀನು ಮಾತಾಡ್ತಿರು, ನಾವು ಬಸವಣ್ಣನ್ನ ನೋಡ್ಕೊಂಡ್ ಬತ್ತೀವಿ."

ಅವರು ಹೆಂಡತಿಯ ಜೊತೆ ನಂದಿ ಮಂಟಪದ ಕಡೆ ನಡೆದರು. ಫೋನು ಮಗಳ ಕೈಯಲ್ಲೇ ಉಳಿಯಿತು. ಅವರು ತಿರುಗಿ ನೋಡಲಿಲ್ಲ.

"ಕೇಳಿಸ್ತಾ?" ಅವಳು ಮೆಲ್ಲಗೆ ಕೇಳಿದಳು.

"ಕೇಳಿಸ್ತು... ನಂಬೋಕೆ ಆಗ್ತಿಲ್ಲ. ಅಳ್ತಿದೀರಾ?"

"ಇಲ್ಲ. ಆ ಕೀಲಿ ಎಲ್ಲಿದೆ ಹೇಳಿ."

"ಬಲಗಡೆ, ಹೆಬ್ಬೆರಳ ಹತ್ರ. ಕೆಳಗೆ ತಳ್ಳಿ."

ಅಪ್ಪ ಜಗಲಿಯ ಮೇಲೆ ಬಿಟ್ಟುಹೋಗಿದ್ದ ಕ್ಯಾಮೆರಾ ಎತ್ತಿಕೊಂಡು ತಳ್ಳಿದಳು. ಬೀಗದ ಗುರುತು ಹೋಯಿತು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಮೊಣಕೈಯನ್ನು ಎದೆಗೆ ಒತ್ತಿಕೊಂಡು, ಅರ್ಧ ಉಸಿರು ಬಿಟ್ಟು ಗುಂಡಿ ಒತ್ತಿದಳು.

"ತೆಗೆದ್ರಾ?"

"ತೆಗೆದೆ."

"ಏನಿದೆ ಫೋಟೋದಲ್ಲಿ?"

"ಅಪ್ಪ, ಅಮ್ಮ ನಡ್ಕೊಂಡು ಹೋಗ್ತಿದಾರೆ. ಬಿಸಿಲಿದೆ." ಅಕ್ಷತಾ ಅಳುತ್ತಲೇ ನಕ್ಕಳು. "ಕಿಟಕಿ ಇಲ್ಲ ರಘು."