ಬ್ರಾಕೆಟ್ ಮುಚ್ಚುವ ಮುಂಚೆ ಒಂದು ಕಾಮಾ

"ನನ್ನ ಕೋಡ್ ಫೇಲ್ ಮಾಡಿದ್ದು ನೀವೇನಾ?"

ಟೆಸ್ಟರ್ ಹುಡುಗಿ ತಲೆಯೆತ್ತಿದಳು. ಹೊಸದಾಗಿ ಸೇರಿದ್ದ ಪ್ರೋಗ್ರಾಮರ್ ಹುಡುಗ! ಮುಖದಲ್ಲಿ ಸಿಟ್ಟು. ಕಣ್ಣುಗಳು ಮಾತ್ರ... ಅಯ್ಯೋ, ಆ ಕಣ್ಣುಗಳು!

"ನಾನಲ್ಲ, ಅಜ್ಜಿ!" ಎಂದು ಪಕ್ಕದ ಹಳೇ ಕಂಪ್ಯೂಟರ್ ತೋರಿಸಿದಳು.

ಆಫೀಸಿನವರೆಲ್ಲ ಅದಕ್ಕೆ ಇಟ್ಟ ಹೆಸರೇ ಅದು. ಅವರು ಕೋಡ್ ಬರೆಯುವ ಭಾಷೆಯ ಹಳೇ ಆವೃತ್ತಿ ಅದರಲ್ಲಿತ್ತು. ಹಳೇದನ್ನೇ ನೆಚ್ಚಿಕೊಂಡ ಗಿರಾಕಿಗಳು ಇನ್ನೂ ಇದ್ದರಲ್ಲ, ಹಾಗಾಗಿ ಯಾರೇನು ಬರೆದರೂ ಅದರಲ್ಲಿ ಓಡಿಸಿ ನೋಡುವುದು ಇವಳ ಕೆಲಸ.

"ಬ್ರಾಕೆಟ್ ಮುಚ್ಚೋ ಮುಂಚೆ ಒಂದು ಕಾಮಾ ಹೆಚ್ಚಿಗೆ ಹಾಕಿದೀರ. ಹೊಸ ಆವೃತ್ತಿ ಸಹಿಸ್ಕೊಳ್ಳುತ್ತೆ. ಅಜ್ಜಿ ಸಹಿಸಲ್ಲ."

"ಒಂದು ಕಾಮಾಗೆ ಇಷ್ಟು ರಂಪಾನಾ?"

ಇಬ್ಬರೂ ನಕ್ಕುಬಿಟ್ಟರು.

ಮುಂದಿನ ವಾರವೂ ಅದೇ ಕಾಮಾ. ಅದರ ಮುಂದಿನ ವಾರವೂ! ಪ್ರತಿ ಸಲ ಅವನು ಕುರ್ಚಿ ಎಳೆದುಕೊಂಡು, "ಅಜ್ಜಿ ಮತ್ತೆ ಬೈದ್ರಾ?" ಎನ್ನುತ್ತ ಬಂದು ಕೂರುತ್ತಿದ್ದ.

"ಒಬ್ಬೊಬ್ಬಳೇ ನಗ್ತೀಯಲ್ಲೇ, ಏನ್ ಸಮಾಚಾರ?" ಎಂದು ಮನೆಯಲ್ಲಿ ಅಮ್ಮ ಕೆಣಕಿದಳು.

ಆಮೇಲೊಂದು ಸೋಮವಾರ ಅವನ ಕೋಡ್ ಪಾಸಾಯಿತು. ಮುಂದಿನದ್ದೂ ಪಾಸ್. ಕಾಮಾ ಇಲ್ಲ, ಅವನೂ ಇಲ್ಲ. ಎದುರಾದರೆ ತಲೆ ತಗ್ಗಿಸಿ ಹೋಗುತ್ತಿದ್ದ.

'ನಾನೇ ಏನೇನೋ ಅಂದ್ಕೊಂಡೆ... ಅವನು ಬರ್ತಿದ್ದಿದ್ದು ಬರೀ ಕೆಲಸಕ್ಕೆ!'

ಟೆಸ್ಟ್ ಪಾಸಾಯಿತೆಂದು ಕಣ್ಣೀರಿಟ್ಟ ಟೆಸ್ಟರ್ ಲೋಕದಲ್ಲಿ ಇವಳೊಬ್ಬಳೇ ಇರಬೇಕು!

ಕೊನೆಗೆ ತಡೆಯಲಾಗದೆ ಅವನ ಮೇಜಿನ ಮುಂದೆಯೇ ಹೋಗಿ ನಿಂತಳು. "ಈಗೀಗ ತಪ್ಪೇ ಮಾಡ್ತಿಲ್ಲ?"

"ಭಯ ಕಣ್ರೀ. ಪ್ರತಿ ಸಲ ಟೆಸ್ಟಿಂಗಲ್ಲೇ ತಡ ಆಗುತ್ತೆ, ಅಜ್ಜಿನ ಗುಜರಿಗೆ ಹಾಕಿ ನಿಮ್ಮನ್ನ ಬೇರೆ ಬ್ರಾಂಚಿಗೆ ಕಳಿಸ್ತೀನಿ ಅಂದ್ರು ಮ್ಯಾನೇಜರ್. ತಪ್ಪು ನಂದೇ, ಇನ್ಮೇಲೆ ಫೇಲ್ ಆಗಲ್ಲ ಅಂತ ಮಾತು ಕೊಟ್ಟೆ. ಅಜ್ಜಿ ಉಳಿದ್ರು... ನೀವೂ."

"ಹಾಗಾದ್ರೆ ಆ ಕಾಮಾ...?"

"ಮೊದಲ್ನೇದು ಗೊತ್ತಿಲ್ದೆ. ಆಮೇಲಿಂದೆಲ್ಲ ಬೇಕೂಂತ್ಲೇ!"

ಅವಳಿಗೆ ಹೋದ ಜೀವ ಬಂದಂತಾಯಿತು. ಕಣ್ಣೀರು ಬಂತು, ಜೊತೆಗೇ ನಗುವೂ ಬಂತು.

"ಸುಮ್ನೆ ಬರಬಹುದಿತ್ತಲ್ಲ?"

"ತಪ್ಪೇ ಮಾಡ್ದೆ ಯಾವ ಮುಖ ಇಟ್ಕೊಂಡು ಬರ್ಲಿ?" ಅವನ ದನಿ ತಗ್ಗಿತು. "ನೀವಂದ್ರೆ ನಂಗಿಷ್ಟ..."

"ಇಷ್ಟ... ಆಮೇಲೆ?"

"ಆಮೇಲೆ ಕಾಮಾ. ಮುಂದಿಂದು ನೀವು ಹೇಳ್ಬೇಕು."

"ನಂಗೂ!"

"ಅಜ್ಜಿ ಒಪ್ತಾರಾ?"

"ಅಜ್ಜಿನ ಯಾಕೆ ಕೇಳ್ತೀಯ?" ಅವಳು ಕಣ್ಣೊರೆಸಿಕೊಂಡಳು. "ಟೆಸ್ಟರ್ ನಾನು. ಪಾಸ್ ಕಣೋ!"